ಹೊಳೆಗೆ ಬಿದ್ದ ಹತ್ಯಾರ

ಆ ಪೆಟ್ಟಿಗೆ ಘಟಪ್ರಭೆಗೆ ಬಿದ್ದದ್ದು ನನ್ನ ತಪ್ಪಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಬನಹಟ್ಟಿಯ ಜನ ಬಹಳ ವರ್ಷ ಅದನ್ನು ನಾನೇ ಕೈಯಾರೆ ಹೊಳೆಗೆ ನೂಕಿದವನೇನೋ ಎಂಬಂತೆ ನನ್ನನ್ನು ನೋಡಿದರು. ಪೆಟ್ಟಿಗೆ ಬಾಗಲಕೋಟೆಯ ಸ್ಟೇಷನ್ನಿನಲ್ಲಿ ಇಳಿದು, ಹೊಳೆ ದಾಟಿ, ಬೀಳಗಿಯ ಮೇಲೆ ಹಾಯ್ದು ಜಮಖಂಡಿಗೆ ಹೋಗಬೇಕಿತ್ತು. ದಾಟುವಾಗ ನೀರು ಜೋರಿತ್ತಂತೆ, ಹರಗೋಲು ವಾಲಿತಂತೆ. ನಾನು ಆಗ ಮನೆಯಲ್ಲಿ ಕೂತು ಹೆಂಡತಿಯ ಕೈಯ ರೊಟ್ಟಿ ತಿನ್ನುತ್ತಿದ್ದೆ.

ನಮ್ಮದು ಬಡಿಗರ ಮನೆ, ಕೆಲಸ ಹೆಚ್ಚಾಗಿ ಮಗ್ಗದ್ದು. ಬನಹಟ್ಟಿ, ರಬಕವಿ ಎರಡೂ ನೇಕಾರರ ಊರು. ಒಂದರಲ್ಲಿ ಕೂಗಿದರೆ ಇನ್ನೊಂದಕ್ಕೆ ಕೇಳಬೇಕು, ಅಷ್ಟು ಹತ್ತಿರ. ಆದರೆ ಆಗ ರಬಕವಿ ಒಬ್ಬ ರಾಜರದು, ಬನಹಟ್ಟಿ ಜಮಖಂಡಿಯ ರಾಜರದು. ರಾಜರು ಯಾರಾದರೂ ಇರಲಿ, ಮಗ್ಗದಲ್ಲಿ ಬಟ್ಟೆ ಸುತ್ತುವ ದಿಂಡು ಸೊಟ್ಟಗಾದರೆ ನೇಕಾರ ಬಂದು ಕೂರುವುದು ಬಡಿಗನ ಕಟ್ಟೆಯ ಮೇಲೆಯೇ. ನಮ್ಮ ಅಪ್ಪನ ಕಟ್ಟೆ ಯಾವತ್ತೂ ಖಾಲಿ ಇರುತ್ತಿರಲಿಲ್ಲ.

ಅಪ್ಪ, ಅಣ್ಣ, ನಾನು ಮೂವರೂ ಒಂದೇ ಹತ್ಯಾರಗಳಲ್ಲಿ ಕೆಲಸ ಮಾಡುತ್ತಿದ್ದೆವು. ಉಳಿ, ಬಾಚಿ, ಗರಗಸ, ಉಜ್ಜುಗೊರಡು, ಎಲ್ಲವೂ ಅಪ್ಪನವು, ಅಪ್ಪನಿಗೆ ಅವನ ಅಪ್ಪನಿಂದ ಬಂದವು. ನನ್ನ ಮದುವೆಯಾಯಿತು. ಹೆಂಡತಿ ಲೋಕಾಪುರದ ಬಡಿಗರ ಮಗಳು, ಬಾಯಿ ಚುರುಕು. ಅತ್ತಿಗೆಯ ಬಾಯಿಯೂ ಮೊಂಡೇನಿರಲಿಲ್ಲ. ಒಂದು ಒಲೆ ಎರಡಾಗಲು ಬಹಳ ಕಾಲ ಬೇಕಾಗಲಿಲ್ಲ. ಪಕ್ಕದ ಅಂಕಣ ನನ್ನ ಪಾಲಿಗೆ ಬಂತು, ಜೋಳ ಬಂತು, ಒಂದಿಷ್ಟು ಬೇವಿನ ಹಲಗೆ ಬಂತು. ಹತ್ಯಾರದ ಮಾತು ತೆಗೆದಾಗ ಅಪ್ಪ ತಲೆ ಅಲ್ಲಾಡಿಸಿದ.

“ಹತ್ಯಾರ ಹಂಚಾಕ ಬರೂದಿಲ್ಲ. ಅವು ಒಂದ ಮಣಿ ಮ್ಯಾಲ ಕುಂತು ಪೂಜಿ ಕೊಂಡಾವು. ಅವನ್ನ ಅಗಲಸಬಾರದು. ನಿನ್ನವು ನೀ ಮಾಡ್ಕೋ.”

ಈ ಮಣೆಯ ಸಂಗತಿಯನ್ನು ಸ್ವಲ್ಪ ಹೇಳಬೇಕು. ಮಹಾನವಮಿಯ ದಿನ ನಮ್ಮಲ್ಲಿ ಖಂಡೇಪೂಜೆ. ಹತ್ಯಾರಗಳನ್ನೆಲ್ಲ ತೊಳೆದು, ಮಣೆಯ ಮೇಲೆ ಸಾಲಾಗಿ ಇಟ್ಟು, ವಿಭೂತಿ ಕುಂಕುಮ ಹಚ್ಚಿ ಪೂಜೆ ಮಾಡುತ್ತೇವೆ. ಮರುದಿನ ದಶಮಿಗೆ ಬನ್ನಿ ಮುಡಿದು ಬರುವ ತನಕ ಅವನ್ನು ಯಾರೂ ಮುಟ್ಟುವುದಿಲ್ಲ. ಹೀಗೆ ಮಣೆ ಏರಿದ ಹತ್ಯಾರಕ್ಕೆ ಮಾತ್ರ ಆ ವರ್ಷ ಮಗ್ಗ ಮಾಡುವ, ತೊಟ್ಟಿಲು ಮಾಡುವ, ಹೊಸಮನೆಯ ಬಾಗಿಲು ನಿಲ್ಲಿಸುವ ಅಧಿಕಾರ. ಏರದವೂ ಒಂದಷ್ಟು ಪ್ರತಿ ಬಡಿಗರ ಮನೆಯಲ್ಲಿ ಇರುತ್ತವೆ. ಮೊನೆ ಮುರಿದ ಉಳಿ, ಹಲ್ಲು ಉದುರಿದ ಗರಗಸ, ಇಂಥವನ್ನು ಹೊರಗೆ ಸೂರಿಗೆ ಸಿಕ್ಕಿಸಿರುತ್ತಾರೆ. ಅವು ಸಾವಿನ ಕೆಲಸಕ್ಕೆ, ಆದರೆ ಪೂಜೆಯಾದ ಮನೆಯಲ್ಲಿ ಬನ್ನಿ ಮುಡಿಯುವ ತನಕ ಅವನ್ನೂ ಎತ್ತುವ ಹಾಗಿಲ್ಲ. ನಮ್ಮ ಕಡೆ ಸತ್ತವರನ್ನು ಕೂರಿಸಿ ಒಯ್ಯುತ್ತಾರೆ, ಕೂರಿಸುವ ಮರದ ಪೀಠಕ್ಕೆ ವಿಮಾನ ಎನ್ನುತ್ತಾರೆ. ವಿಮಾನಕ್ಕೆ ಮುಟ್ಟಿಸಿದ ಉಳಿಯನ್ನು ಮಗ್ಗಕ್ಕೆ ಮುಟ್ಟಿಸುವ ಬಡಿಗ ನಮ್ಮ ಸೀಮೆಯಲ್ಲಿ ಇಲ್ಲ. ಭಿನ್ನವಾದದ್ದು ಮಣೆಗೆ ಸಲ್ಲದು, ಮಣೆಗೆ ಸಂದದ್ದು ಸಾವಿಗೆ ಸಲ್ಲದು. ಇದು ನಾನು ನಡೆಯಲು ಕಲಿಯುವ ಮೊದಲೇ ಕೇಳಿದ ಮಾತು.

ಹತ್ಯಾರ ಕೊಳ್ಳಲು ಜಮಖಂಡಿಯ ಸಂತೆಗೆ ಹೋದೆ. ಕಬ್ಬಿಣದ ಸಾಮಾನಿನ ಅಂಗಡಿಯ ಶೆಟ್ಟರು ಗುರುತಿನವರು, ಅಪ್ಪನ ಕಾಲದಿಂದ ನಮ್ಮ ಮನೆಗೆ ಮೊಳೆ ತಿರುಪು ಕೊಟ್ಟವರು. ಹೊಸ ವಿಲಾಯತಿ ಉಳಿಗಳ ಬೆಲೆ ಕೇಳಿ ನಾನು ಸುಮ್ಮನೆ ಕೈ ಕಟ್ಟಿ ನಿಂತೆ. ನನ್ನ ಮುಖ ನೋಡಿ ಶೆಟ್ಟರಿಗೆ ಮರುಕವೋ ವ್ಯಾಪಾರವೋ ಹುಟ್ಟಿತು. ಒಳಗಿನಿಂದ ಒಂದು ಗೋಣಿಚೀಲ ಎಳೆದು ತಂದು ನನ್ನ ಮುಂದೆ ಸುರುವಿದರು.

“ನೋಡಪಾ, ಖೋಟಾ ಮಾತ ಹೇಳೂದಿಲ್ಲ. ಪೆಟಗಿ ಹೊಳಿಯೊಳಗ ಬಿದ್ದಿತ್ತು. ತಗದು ತರೂತನಕ ನೀರು ಒಳಗ ಹೊಕ್ಕಿತ್ತು. ಇವುಗಳ ಮಾರಿ ಕೆಟ್ಟೈತಿ, ಜೀವಾ ಕೆಟ್ಟಿಲ್ಲ. ಬೇಕಾದ್ರ ಅರ್ಧಕ್ಕ ಒಯ್ಯಿ.”

ಮುಖವೇನೋ ಕೆಟ್ಟಿತ್ತು. ಉಕ್ಕಿನ ಮೇಲೆಲ್ಲ ಕಪ್ಪು ಚುಕ್ಕೆ, ಮೈಲಿ ಬೇನೆ ಎದ್ದು ಆರಿದ ಮುಖದ ಹಾಗೆ. ಹಿಡಿಗಳ ಹೊಳಪು ಹೋಗಿ ಬೂದಿ ಬಣ್ಣಕ್ಕೆ ತಿರುಗಿದ್ದವು. ಉಜ್ಜುಗೊರಡಿನ ಒಂದು ಮೂಲೆಯಲ್ಲಿ ಉಗುರಿನಷ್ಟು ಚಕ್ಕೆ ಎದ್ದಿತ್ತು. ಸುತ್ತಿದ್ದ ಕಾಗದ ಒಂದು ಉಳಿಗೆ ಅಂಟಿ, ಯಾವುದೋ ದೇಶದ ಅಕ್ಷರ ಅದರ ಬೆನ್ನ ಮೇಲೆ ಅಚ್ಚೊತ್ತಿತ್ತು. ನಾನು ಒಂದೊಂದನ್ನೇ ಎತ್ತಿ ಅಂಚು ನೋಡಿದೆ, ಬೆರಳಿಂದ ಮೀಟಿ ದನಿ ಕೇಳಿದೆ. ಅಂಗಡಿಯ ಮುಂದೆ ಬಿದ್ದಿದ್ದ ಜಾಲಿಯ ತುಂಡಿಗೆ ಉಳಿ ಹಚ್ಚಿ ಒಂದು ಪೆಟ್ಟು ಕೊಟ್ಟೆ. ಜಾಲಿ ಎಂದರೆ ಹಟಮಾರಿ ಮರ. ಉಳಿ ಅದರೊಳಗೆ ಮಾತಾಡದೆ ಇಳಿಯಿತು. ಇಂಥ ಉಕ್ಕು ನಮ್ಮ ಅಪ್ಪನ ಮಣೆಯ ಮೇಲೂ ಇರಲಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ ಶೆಟ್ಟರ ಹತ್ತಿರ ಚೌಕಾಸಿ ಮಾಡುವುದನ್ನೇ ಮರೆತೆ.

ದಾರಿಯುದ್ದಕ್ಕೂ ನನಗೆ ನಾನೇ ವಕೀಲನಾಗಿದ್ದೆ. ಭಿನ್ನ ಎಂದರೆ ಮುರಿದದ್ದು. ಇವು ಮುರಿದಿಲ್ಲ, ಮಾಸಿವೆ. ಮಾಸಿದ್ದನ್ನು ಉಜ್ಜಿದರೆ ಹೋಗುತ್ತದೆ. ಮನೆಗೆ ಬಂದು ನಾನೂ ನನ್ನ ಹೆಂಡತಿಯೂ ಇಟ್ಟಂಗಿ ಪುಡಿ, ಹುಣಸೆಹಣ್ಣು, ಬೂದಿ ಎಲ್ಲ ಹಾಕಿ ಉಜ್ಜಿದೆವು. ಅವಳ ಅಂಗೈ ಸುಲಿಯಿತು. ತುಕ್ಕು ಹೋಯಿತು, ಚುಕ್ಕೆ ಹೋಗಲಿಲ್ಲ.

“ಮಂದಿ ಮಾರಿ ನೋಡಿ ಮಣಿ ಹಾಕ್ತಾರ ಅಂತ ಕೇಳಿದ್ದೆ” ಎಂದಳು ಅವಳು, ಉಳಿಯನ್ನು ಬಿಸಿಲಿಗೆ ಹಿಡಿದು. “ಉಳಿಗೂ ಹಂಗ ಹಾಕ್ತಾರೇನು?”

ಹಾಕಿದರು. ಆ ವರ್ಷದ ಖಂಡೇಪೂಜೆಯ ದಿನ ನಾನು ನನ್ನ ಹತ್ಯಾರಗಳನ್ನು ಹೊಸ ಪಂಚೆಯಲ್ಲಿ ಸುತ್ತಿ ಅಪ್ಪನ ಮನೆಗೆ ಒಯ್ದೆ. ಮಣೆ ದೊಡ್ಡದು, ಅಪ್ಪನ ಹತ್ಯಾರ ಇಟ್ಟ ಮೇಲೂ ಜಾಗ ಇತ್ತು. ಅಪ್ಪ ಗಂಟು ಬಿಚ್ಚಿ ನೋಡಿದ. ಒಂದು ಉಳಿ ಎತ್ತಿದ, ತಿರುವಿದ, ಹೆಬ್ಬೆರಳಿಂದ ಚುಕ್ಕೆಯನ್ನು ತಿಕ್ಕಿದ.

“ಇವು ಹೊಳಿ ಬಿದ್ದ ಹತ್ಯಾರ.”

“ಹೌದ್ರಿ. ಅಂಚು ನೋಡ್ರಿ ಬೇಕಾದ್ರ.”

“ಅಂಚು ಯಾರ ಕೇಳ್ಯಾರ? ಒರಸಿದ್ರ ಹೋಗೂದು ಮಾಸಲು. ಹೋಗದ್ದು ಕುಂದು. ಕುಂದಿದ್ದದ್ದು ಮಣಿ ಮ್ಯಾಲ ಕೂಡೂದಿಲ್ಲ.”

“ಚುಕ್ಕಿ ಮೈಮ್ಯಾಲ ಅದಾವ್ರಿ, ಕೆಲಸದಾಗ ಇಲ್ಲ.”

“ನಾ ಕಣ್ಣ ಮುಚ್ಚಿ ಪೂಜಿ ಮಾಡ್ಲೇನು?” ಎಂದ ಅಪ್ಪ. ಗಂಟನ್ನು ಮತ್ತೆ ಕಟ್ಟಿದ, ಬಲು ಜೋಪಾನವಾಗಿಯೇ ಕಟ್ಟಿದ. ನನ್ನ ಕೈಗೆ ಕೊಟ್ಟ. ಅಣ್ಣ ನೆಲ ನೋಡುತ್ತ ಕುಂಕುಮ ಕಲಸುತ್ತಿದ್ದ. ನಾನು ಎದ್ದು ಬಂದೆ. ಬರುವಾಗ ಬಾಗಿಲಿಗೆ ಹಣೆ ತಾಗಿಸಿಕೊಂಡದ್ದು ನೆನಪಿದೆ, ಏನು ಬೈದೆನೋ ನೆನಪಿಲ್ಲ.

ಊರಿಗೆ ಇಷ್ಟು ಸಾಕಾಯಿತು. ಮಣೆ ಏರದ ಹತ್ಯಾರ ಎಂದರೆ ಸಾವಿನ ಹತ್ಯಾರ. ನಾನು ಒಂದು ವಿಮಾನವನ್ನೂ ಮಾಡಿರಲಿಲ್ಲ, ಆದರೂ ನನ್ನ ಉಳಿಗೆ ಆ ಹೆಸರು ಬಂತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನನ್ನ ಮನೆಯಲ್ಲಿ ಪೂಜಾರಿ ನನ್ನ ಹೆತ್ತಪ್ಪನೇ. ನಮ್ಮ ಓಣಿಯ ಹಿಂದೆ ಒಬ್ಬ ಸಾಹುಕಾರ ಇದ್ದ, ಅವನ ಪಡಸಾಲೆಯಲ್ಲಿ ಸಾಲುಸಾಲು ಮಗ್ಗ. ಸುದ್ದಿ ತಿಳಿಯುವ ಮೊದಲು ನನ್ನಿಂದ ಒಂದು ದಿಂಡು ಮಾಡಿಸಿದ್ದ. ತಿಳಿದ ಮೇಲೆ ಅದನ್ನು ಆಳಿನ ಹೆಗಲ ಮೇಲೆ ವಾಪಸು ಕಳಿಸಿದ. ಆಮೇಲೆ ದಾರಿಯಲ್ಲಿ ಸಿಕ್ಕಾಗ ತಾನೇ ನಿಂತು ಹೇಳಿದ: “ದಿಂಡು ಛಲೋ ಐತಿ, ಇಲ್ಲನ್ನೂದಿಲ್ಲ. ಆದ್ರ ನಮ್ಮ ಮಗ್ಗದಾಗ ಲಗ್ನದ ಸೀರಿ ಹುಟ್ಟತಾವು. ತಿಳಕೋ ತಮ್ಮಾ.”

ತಿಳಿದುಕೊಳ್ಳಲು ನನಗೆ ಮನಸ್ಸಿರಲಿಲ್ಲ. ಬನಹಟ್ಟಿಯಲ್ಲಿ ಬಡಿಗ ಎಂದರೆ ಮಗ್ಗದ ಬಡಿಗ. ಮಗ್ಗ ಮಾಡದವನು ಮೊಳೆ ಹೊಡೆಯುವವನು, ಅಷ್ಟೇ. ನನಗೆ ಬೇಕಾಗಿದ್ದದ್ದು ಆ ಮಣೆಯ ಮೇಲೆ ಒಂದು ಗೇಣು ಜಾಗ. ಅದು ಸಿಕ್ಕರೆ ನಾನು ಬಡಿಗ, ಸಿಗದಿದ್ದರೆ ನನ್ನ ಕೈಯಲ್ಲಿ ಎಂಥ ವಿದ್ಯೆ ಇದ್ದರೂ ಸೂರಿಗೆ ಸಿಕ್ಕಿಸಿದ ಮುರುಕು. ಹೊಸ ಹತ್ಯಾರ ಕೊಂಡು ಮಣೆ ಏರಿಸು ಎಂದು ಕೆಲವರು ಬುದ್ಧಿ ಹೇಳಿದರು. ಅಷ್ಟರಲ್ಲಿ ದೊಡ್ಡ ಯುದ್ಧ ಹತ್ತಿಕೊಂಡು ವಿಲಾಯತಿ ಸಾಮಾನು ಬರುವುದೇ ನಿಂತಿತ್ತು. ಬಂದಿದ್ದರೂ ನಾನು ಕೊಳ್ಳುತ್ತಿರಲಿಲ್ಲ. ನನ್ನ ಉಳಿಗಳ ಮೇಲೆ ನನಗೆ ಪ್ರೀತಿ ಹುಟ್ಟಿತ್ತು, ಪ್ರೀತಿಗಿಂತ ಹೆಚ್ಚಾಗಿ ಹಟ ಹುಟ್ಟಿತ್ತು.

ಸುದ್ದಿ ಹರಡಿದ ಮೇಲೂ ಮಗ್ಗದ ಕೆಲಸ ಮೊದಲು ಕೊಟ್ಟವಳು ಒಬ್ಬ ವಿಧವೆ. ನೇಕಾರರ ಓಣಿಯ ಕೊನೆಯ ಮನೆ, ಗೆದ್ದಲು ಹಿಡಿದು ಮಗ್ಗ ಕೂತಿತ್ತು. ಒಂದು ಮಧ್ಯಾಹ್ನ ಬಂದು ನನ್ನ ಕಟ್ಟೆಯ ಮೇಲೆ ಕೂತಳು. ನಾನೇ ಎಚ್ಚರ ಹೇಳಿದೆ, ನನ್ನ ಹತ್ಯಾರಕ್ಕೆ ಪೂಜೆ ಆಗಿಲ್ಲ ಎಂದು.

“ನನಗ ಗೊತ್ತೈತಿ” ಎಂದಳು. “ನಿನ್ನ ಉಳಿಗಿ ಕುಂಕುಮ ಇಲ್ಲ, ನನ್ನ ಹಣಿಗಿ ಕುಂಕುಮ ಇಲ್ಲ. ಉಳದಾವ್ರಿಗಿ ಅದ ಚಿಂತಿ. ನನಗ ಹೊಟ್ಟಿ ಚಿಂತಿ. ನೀ ಮಗ್ಗಾ ಮಾಡು.”

ನಾನು ಮಾಡಿದೆ. ಅಷ್ಟು ಮನಸ್ಸಿಟ್ಟು ಯಾವುದನ್ನೂ ಮಾಡಿರಲಿಲ್ಲ. ಅವಳು ಅದರಲ್ಲಿ ನೇಯ್ದ ಸೀರೆಯ ಅಂಚು ನೂಲು ಹಿಡಿದಂತೆ ನೇರ ಬಂತು. ನಾನು ಕಾದೆ, ಇನ್ನೇನು ಜನ ಬರುತ್ತಾರೆ ಎಂದು. ಯಾರೂ ಬರಲಿಲ್ಲ. ವಿಧವೆಯ ಮಗ್ಗ ಅಲ್ಲವೇ, ಅದಕ್ಕೆ ನಡೆಯುತ್ತದೆ ಎಂದರು. ನಮ್ಮೂರಿನವರಿಗೆ ಇಂಥ ದಾರಿ ಹುಡುಕುವುದನ್ನು ಯಾರೂ ಕಲಿಸಬೇಕಾಗಿಲ್ಲ. ಅವಳು ಮಾತ್ರ ಹಬ್ಬಕ್ಕೊಮ್ಮೆ ಒಂದು ಬುಟ್ಟಿ ಕಡಲೆ ತಂದು ನನ್ನ ಹೆಂಡತಿಯ ಮಡಿಲಿಗೆ ಸುರುವಿ ಹೋಗುತ್ತಿದ್ದಳು.

ಹೊಟ್ಟೆ ಕೇಳಬೇಕಲ್ಲ, ಸಾವಿನ ಕೆಲಸಕ್ಕೂ ಒಪ್ಪಿಕೊಂಡೆ. ಊರು ಇಟ್ಟ ಹೆಸರನ್ನು ನಾನೂ ಹಾಕಿಕೊಂಡೆ ಎನ್ನಬೇಕು. ಅಪ್ಪನದೂ ನನ್ನದೂ ಪಕ್ಕಪಕ್ಕದ ಮನೆ, ನಡುವೆ ಒಂದು ಗೋಡೆ. ಅವನ ಉಜ್ಜುಗೊರಡಿನ ಸದ್ದು ನನಗೆ, ನನ್ನದು ಅವನಿಗೆ ಕೇಳುತ್ತಿತ್ತು. ಹಾಗೆಯೇ ವರ್ಷಗಳು ಹೋದವು.

ಯುದ್ಧ ಮುಗಿಯುವ ಹೊತ್ತಿಗೆ ಆ ಜ್ವರ ಬಂತು. ಅದಕ್ಕೆ ಏನೋ ಇಂಗ್ಲಿಷ್ ಹೆಸರಿದೆ ಎಂದು ಆಮೇಲೆ ಕೇಳಿದೆ. ನಾವು ಕಂಡದ್ದು ಇಷ್ಟೇ, ಬೆಳಿಗ್ಗೆ ಲಾಳಿ ಎಸೆಯುತ್ತಿದ್ದವನು ಸಂಜೆಗೆ ಚಾಪೆ ಹಿಡಿಯುತ್ತಿದ್ದ, ನಾಲ್ಕಾರು ದಿನಕ್ಕೆ ಹೋಗಿಬಿಡುತ್ತಿದ್ದ. ಮುಧೋಳದಿಂದ ಬಂದವರು ಅಲ್ಲೂ ಹೀಗೆಯೇ ಎಂದರು, ಜಮಖಂಡಿಯಿಂದ ಬಂದವರೂ ಅದನ್ನೇ ಹೇಳಿದರು. ಓಣಿಗಳಲ್ಲಿ ಮಗ್ಗದ ಸದ್ದು ಕಡಿಮೆಯಾಗುತ್ತ ಬಂತು. ನನ್ನ ಅಂಗಳದಲ್ಲಿ ಮಾತ್ರ ಕೆಲಸ ನಿಲ್ಲಲಿಲ್ಲ. ಒಂದು ವಿಮಾನ ಮುಗಿಯುವ ಮೊದಲೇ ಇನ್ನೊಬ್ಬರು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಮರಕ್ಕೆ ಮರ ಕಚ್ಚುವಂತೆ ಕೂಡು ಕೊರೆಯಲು ಹೊತ್ತಿರಲಿಲ್ಲ, ಮೊಳೆ ಹೊಡೆದು ಕೊಡುತ್ತಿದ್ದೆ. ಎಷ್ಟೋ ಸಲ ತೊಟ್ಟಿಲಿನ ಅಳತೆಯ ಹಲಗೆ ಕೊಯ್ಯಬೇಕಾಗುತ್ತಿತ್ತು. ಅಂಥ ದಿನ ಹೆಂಡತಿ ಬಂದು ರೊಟ್ಟಿಯ ತಾಟು ಇಟ್ಟು ಹೋಗುತ್ತಿದ್ದಳು. ನಾನು ಅದನ್ನು ನಾಯಿಗೆ ಹಾಕುತ್ತಿದ್ದೆ.

ಶ್ರಾವಣ ಕಳೆದ ಮೇಲೆ ಅಪ್ಪನೂ ಮಲಗಿದ. ಜ್ವರವೋ, ವಯಸ್ಸೋ, ಎರಡೂ ಕೂಡಿತ್ತೋ ತಿಳಿಯದು. ಒಂದು ದಿನ ಅಣ್ಣ ಬಂದು ಅಪ್ಪ ಕರೆಯುತ್ತಿದ್ದಾನೆ ಎಂದ. ಹೋದೆ. ಅಪ್ಪ ಗೋಡೆಗೆ ಒರಗಿ, ಕಾಲು ಮಡಚಿ, ನೆಟ್ಟಗೆ ಕೂತಿದ್ದ. ಜ್ವರ ಬಂದವನು ಹಾಗೆ ಕೂತದ್ದು ನೋಡಿ ನನಗೆ ಅರ್ಥವಾಗಲಿಲ್ಲ.

“ಅಳತಿ ತಗೋ” ಎಂದ.

“ಯಾತರ ಅಳತಿ?”

“ನನ್ನ ವಿಮಾನದ್ದು. ಮಾಡಾವ ನೀನ.”

ನನಗೆ ಮೈ ಉರಿದುಹೋಯಿತು. ಇಷ್ಟು ವರ್ಷ ಒಂದು ಕಿಟಕಿಯ ಕೆಲಸವನ್ನೂ ನನಗೆ ವಹಿಸದವನು, ತನ್ನ ಕಟ್ಟೆಗೆ ಬಂದ ಗಿರಾಕಿಗೆ ಪಕ್ಕದ ಮನೆಯಲ್ಲಿ ಮಗನಿದ್ದಾನೆ ಎಂದು ಒಂದು ಸಲವೂ ಹೇಳದವನು, ಈಗ ಇದಕ್ಕೆ ಕರೆದಿದ್ದಾನೆ. ಸೂರಿನಲ್ಲಿ ಮುರುಕು ಉಳಿ ಇವೆಯಲ್ಲ, ಅಣ್ಣ ಮಾಡಲಿ ಎಂದೆ. ದನಿ ಎತ್ತರಿಸಿಯೇ ಅಂದೆ.

ಅಪ್ಪ ಸಿಟ್ಟಾಗಲಿಲ್ಲ. ಉಸಿರು ತೆಗೆದುಕೊಳ್ಳುತ್ತ, ನಿಲ್ಲಿಸಿ ನಿಲ್ಲಿಸಿ ಹೇಳಿದ: “ಮುರಕ ಉಳಿಲಿಂದ ನನ್ನ ಕೆಲಸ ಆಗಬಾರದು. ಜೀವಮಾನ ಎಲ್ಲಾ ಛಲೋ ಕೆಲಸ ಮಾಡೇನಿ. ಮಣಿ ಮ್ಯಾಲಿನವು ಸಾವಿಗಿ ಮುಟ್ಟಸಾಂಗಿಲ್ಲ. ಛಲೋ ಹತ್ಯಾರಾನೂ ಆಗಬೇಕು, ಮಣಿ ಏರಿರಬಾರದು. ಅಂಥಾವು ಊರಾಗ ಯಾರ ಹಂತ್ಯಾಕ ಅದಾವು? ನೀನ ಹೇಳು.”

ಅಂಥವು ಇದ್ದದ್ದು ನನ್ನ ಹತ್ತಿರ ಮಾತ್ರ. ದಾರ ತಂದು ಅಳತೆ ತೆಗೆದೆ, ಮೊಣಕಾಲಿಂದ ಮೊಣಕಾಲಿಗೆ, ನೆಲದಿಂದ ನೆತ್ತಿಗೆ. ದಾರ ನಡುವೆ ಜೋಲುಬಿದ್ದಿತ್ತು.

“ದಾರ ಬಿಗದ ಹಿಡಿ” ಎಂದ ಅಪ್ಪ. “ಎಲ್ಲೂ ಓಡಿ ಹೋಗೂದಿಲ್ಲ ನಾ.” ಮತ್ತೆ, “ಮಂದಿಗೆಲ್ಲಾ ಮೊಳಿ ಹೊಡದ ಕೊಡ್ತಿ, ಗೋಡಿ ಈಚಿಂದ ಕೇಳಸ್ತೈತಿ. ನನಗ ಮೊಳಿ ಬ್ಯಾಡ. ಕೂಡು ಕೊರಿ.”

ಒಂದೇ ದಿನ ಹೊತ್ತು ಮಣ್ಣಿಗೆ ಇಳಿಸುವ ಪೀಠಕ್ಕೆ ಕೂಡು ಕೊರೆಯುವ ಬಡಿಗ ಎಲ್ಲಾದರೂ ಇದ್ದಾನೆಯೇ? ಆದರೆ ಕೊರೆದೆ. ಅಂಗಳದಲ್ಲಿ ಸಾಗವಾನಿ ಹಲಗೆ ಇಟ್ಟುಕೊಂಡು, ಮಗ್ಗಕ್ಕೆ ಕೊರೆಯುವ ಹಾಗೆ ಕೊರೆದೆ. ಗೋಡೆಯ ಆಚೆ ಅಪ್ಪ ಕೇಳುತ್ತಿದ್ದಾನೆ ಎಂದು ಗೊತ್ತಿತ್ತು. ನನ್ನ ಉಜ್ಜುಗೊರಡು ನಿಂತಾಗ ಅವನ ಕೆಮ್ಮು ಕೇಳುತ್ತಿತ್ತು, ಕೆಮ್ಮು ನಿಂತಾಗ ನಾನು ಉಜ್ಜುಗೊರಡು ನಿಲ್ಲಿಸಿ ಕಿವಿಗೊಡುತ್ತಿದ್ದೆ. ಮಾರನೆಯ ದಿನ ಅಣ್ಣನ ಕೈಯಲ್ಲಿ ಹೇಳಿ ಕಳಿಸಿದ, ಉಳಿ ನೋಡಬೇಕಂತೆ. ಒಯ್ದು ಕೊಟ್ಟೆ. ಅಪ್ಪ ಅದರ ಮುಖ ನೋಡಲಿಲ್ಲ, ಕಣ್ಣು ಮಂಜಾಗಿದ್ದವು. ಹೆಬ್ಬೆರಳನ್ನು ಅಂಚಿನ ಮೇಲೆ ಅಡ್ಡ ಎಳೆದ, ಬಹಳ ಹೊತ್ತು ಎಳೆದ.

“ಉಕ್ಕು ಛಲೋ ಐತಿ” ಎಂದ. “ಅರ್ಧಕ್ಕ ಬಂತಂತ?”

“ಹೌದ್ರಿ.”

“ಅಗ್ಗಾತು.”

ಅಷ್ಟೇ ಅಂದ. ಅವನಿಂದ ನಾನು ಅದಕ್ಕಿಂತ ಹೆಚ್ಚಿನದನ್ನು ಕೇಳಿಲ್ಲ, ಅದಕ್ಕಿಂತ ಹೆಚ್ಚಿನದು ನನಗೆ ಬೇಕೂ ಇರಲಿಲ್ಲ. ಎರಡು ದಿನದ ಮೇಲೆ ಹೋದ. ನಾನು ಮಾಡಿದ ವಿಮಾನದಲ್ಲಿ ಕೂತೇ ಹೋದ. ಹೊತ್ತವರಲ್ಲಿ ಒಬ್ಬ, ಒಂದು ಕೂಡೂ ಕಿರ್‌ ಎನ್ನಲಿಲ್ಲ ಎಂದು ಬಂದು ಹೇಳಿದ. ಅಪ್ಪ ನನಗೆ ವಹಿಸಿದ ಮೊದಲ ಕೆಲಸ ಅದು. ಕೊನೆಯದೂ ಅದೇ ಎಂದು ಮಣ್ಣು ಕೊಟ್ಟು ಬಂದ ಮೇಲೆ ಹೊಳೆದು, ನಾನು ಅಂಗಳದ ಚಕ್ಕೆಗಳ ನಡುವೆ ಕೂತು ಹೆಂಗಸರ ಹಾಗೆ ಅತ್ತೆ.

ಸೂತಕ ಕಳೆಯಿತು. ಮಹಾನವಮಿ ಬಂತು, ಜ್ವರ ಹೋಗಿರಲಿಲ್ಲ. ಆ ವರ್ಷ ನಮ್ಮ ಮನೆಯಲ್ಲಿ ಹೋಳಿಗೆ ಇಲ್ಲ, ಹೊಸ ಬಟ್ಟೆ ಇಲ್ಲ. ಆದರೆ ಖಂಡೇಪೂಜೆ ಬಿಡುವ ಹಾಗಿಲ್ಲ, ಬಿಟ್ಟರೆ ವರ್ಷವಿಡೀ ಹತ್ಯಾರ ಎತ್ತುವ ಹಾಗಿಲ್ಲ. ಹಿಂದಿನ ದಿನ ಅಣ್ಣ ನನ್ನ ಮನೆಗೆ ಬಂದ. ಒಲೆ ಬೇರೆಯಾದ ಮೇಲೆ ಅವನು ನನ್ನ ಹೊಸ್ತಿಲು ದಾಟಿದ್ದು ಅದೇ ಮೊದಲು.

“ಈಗ ಮನಿಗಿ ಹಿರಿಯಾವ ನಾ” ಎಂದ. “ನಾಳಿ ನಿನ್ನವೂ ಮಣಿ ಮ್ಯಾಲ ಇಡೂಣು. ಅಪ್ಪನ ಕೆಲಸಕ್ಕ ಬಂದ ಉಳಿ ಕುಂದಿಂದು ಹೆಂಗ ಆದೀತು? ಸಾವಿಗಿ ಮುಟ್ಟಿದ ಮೈಲಿಗಿ ಪೂಜಿಗಿ ಹೋಗತೈತಿ. ಪೂಜಿ ಆದ ಮ್ಯಾಲ ಸಾವಿನ ಕೆಲಸಾ ಬಿಟ್ಟಬಿಡು. ಮಗ್ಗಾ ಮಾಡೂಣು ಇಬ್ರೂ ಕೂಡಿ.”

ಹೆಂಡತಿ ಬಾಗಿಲ ಸಂದಿಯಿಂದ ಕೇಳಿಸಿಕೊಂಡಿದ್ದಳು. ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಡಿಗನ ಮಗಳು ಬಡಿಗನನ್ನು ಮದುವೆಯಾಗಿ, ಊರ ಹೆಂಗಸರ ಬಾಯಲ್ಲಿ ವಿಮಾನದವನ ಹೆಂಡತಿ ಅನ್ನಿಸಿಕೊಂಡು ನೀರು ತಂದವಳು ಅವಳು. ಮರುದಿನ ಬೆಳಿಗ್ಗೆ ನನ್ನ ಹತ್ಯಾರಗಳನ್ನೆಲ್ಲ ಹರವಿಕೊಂಡು ಕೂತಳು. ಹುಣಸೆಹಣ್ಣು ಹಚ್ಚಿ ಉಜ್ಜಿದಳು, ಬಿಸಿನೀರಲ್ಲಿ ತೊಳೆದಳು, ಹಿಡಿಗಳಿಗೆ ಎಳ್ಳೆಣ್ಣೆ ತಿಕ್ಕಿದಳು. ಹೋಗದ ಚುಕ್ಕೆಯನ್ನೂ ಬಿಡದೆ ತಿಕ್ಕಿದಳು. ಸಾಕು, ಹೊತ್ತಾಯಿತು ಎಂದರೆ ಕೇಳಲಿಲ್ಲ. ಸುತ್ತಲಿನ ಬಡಿಗರ ಮನೆಗಳಲ್ಲಿ ಪೂಜೆ ಮುಗಿದು, ಕಾಯಿ ಒಡೆದ ಸದ್ದೂ ಕೇಳಿತು. ನಾವಿನ್ನೂ ಉಜ್ಜುತ್ತಲೇ ಇದ್ದೆವು.

ಕಡೆಗೆ ಅಣ್ಣನ ಮನೆಗೆ ಹೋದೆವು. ಅಪ್ಪನ ಹತ್ಯಾರಗಳನ್ನು ಅಣ್ಣ ಮಣೆಯ ಒಂದು ಬದಿಗೆ ಸರಿಸಿ ಇಟ್ಟಿದ್ದ. ಇನ್ನೊಂದು ಬದಿ ಖಾಲಿ, ನನ್ನದು. ಗಂಟು ಬಿಚ್ಚಿದೆ. ಅಣ್ಣ ದೊಡ್ಡ ಉಳಿಯನ್ನು ಎತ್ತಿಕೊಂಡು, ಇಡುವ ಮೊದಲು ಹಣೆಗೆ ಮುಟ್ಟಿಸಿಕೊಂಡ. ನಾನು ಮಣೆಯ ಖಾಲಿ ಬದಿಯನ್ನು ಅಂಗೈಯಿಂದ ಮತ್ತೊಮ್ಮೆ ಒರೆಸಿದೆ. ಆಗ ಅಂಗಳದಲ್ಲಿ ಯಾರೋ ಕೂಗಿದರು.

ಸಾಹುಕಾರ. ನನ್ನ ದಿಂಡನ್ನು ಹೊರಿಸಿ ವಾಪಸು ಕಳಿಸಿದವನು. ತಲೆಗೆ ರುಮಾಲಿಲ್ಲ, ಕಾಲಿಗೆ ಜೋಡಿಲ್ಲ. ಒಳಗೆ ಬರಲಿಲ್ಲ, ಬರುವ ಸ್ಥಿತಿ ಅಲ್ಲ ಎಂದು ದೂರದಿಂದಲೇ ತಿಳಿಯುತ್ತಿತ್ತು.

“ಮಗಳು ಹ್ವಾದಳ್ರಿ” ಎಂದ. “ಹಬ್ಬಕ್ಕಂತ ತವರಿಗಿ ಬಂದಿದ್ದಳು. ಎಲ್ಲಾ ಬಡಿಗ್ಯಾರ ಮನಿಗೂ ಹೋಗಿ ಬಂದೆ. ಎಲ್ಲಾರದೂ ಪೂಜಿ ಆಗಿಹೋಗೇತಿ, ನಾಳಿ ಬನ್ನಿ ಮುಡಿಯೂತನಕ ಯಾರೂ ಹತ್ಯಾರ ಮುಟ್ಟೂದಿಲ್ಲಂತ. ನಿಮ್ಮಲ್ಲಿ ಇನ್ನಾ ಆಗಿಲ್ಲಂತ ಕೇಳಿ ಓಡಿಕೋತ ಬಂದೆ.” ಅಷ್ಟು ಹೇಳಿ ಅಂಗಳದ ಕಂಬವನ್ನು ಹಿಡಿದುಕೊಂಡ. “ನಾಳಿತನಕ ಅಕಿನ್ನ ಹೆಂಗ ಇಟಗೊಂಡ ಕೂಡ್ಲಿ?”

ಅಣ್ಣನ ಕೈಯಲ್ಲಿ ಉಳಿ ಹಾಗೆಯೇ ನಿಂತಿತ್ತು. ಮಣೆಗೂ ಅದಕ್ಕೂ ನಡುವೆ ಒಂದು ಗೇಣು. ಅಣ್ಣ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದ: “ಇಟ್ಟ ಮ್ಯಾಲ ತಗಿಯಾಂಗಿಲ್ಲ. ತಗದ ಮ್ಯಾಲ ಈ ವರ್ಸ ಇಡಾಂಗಿಲ್ಲ. ನಾ ಏನೂ ಅನ್ನೂದಿಲ್ಲ, ನೀನ ಹೇಳು.”

ಸುಳ್ಳು ಹೇಳುವುದಿಲ್ಲ, ನನಗೆ ಆ ಮನುಷ್ಯನ ಮೇಲೆ ಸಿಟ್ಟಿತ್ತು. ಬಂದ ಹೊತ್ತಿನ ಮೇಲೆ ಇನ್ನೂ ಸಿಟ್ಟಿತ್ತು. ಅರ್ಧ ಗಳಿಗೆ ತಡವಾಗಿ ಬಂದಿದ್ದರೆ ಉಳಿ ಮಣೆ ಏರಿರುತ್ತಿತ್ತು, ನಾನೂ ಎಲ್ಲರಂತೆ ಕೈ ಮುಗಿದು ಇಲ್ಲ ಎನ್ನಬಹುದಿತ್ತು, ಯಾರೂ ನನ್ನನ್ನು ತಪ್ಪು ಅನ್ನುತ್ತಿರಲಿಲ್ಲ. ಈಗಲೂ ಇಡು ಎಂದರೆ ಅಣ್ಣ ಇಡುತ್ತಿದ್ದ. ನಾನು ಹೆಂಡತಿಯ ಮುಖ ನೋಡಿದೆ. ಹುಣಸೆಹುಳಿಗೆ ಅವಳ ಬೆರಳು ಬೆಳ್ಳಗೆ ಸುಕ್ಕಾಗಿದ್ದವು. ಅವಳು ಸಾಹುಕಾರನನ್ನೇ ನೋಡುತ್ತಿದ್ದಳು.

“ಇಡಬ್ಯಾಡ” ಎಂದೆ ಅಣ್ಣನಿಗೆ.

ಅಣ್ಣ ಉಳಿಯನ್ನು ನನ್ನ ಕೈಗೆ ಕೊಟ್ಟ. ಹೆಂಡತಿ ಮಿಕ್ಕವನ್ನು ಒಂದೊಂದೇ ಎತ್ತಿ ಪಂಚೆಗೆ ಸುತ್ತಿದಳು. ಎಣ್ಣೆ ಹಚ್ಚಿದ್ದರಿಂದ ಜಾರುತ್ತಿದ್ದವು. ಗಂಟು ಬಿಗಿದು ನನ್ನ ಹೆಗಲಿಗೆ ಹಾಕಿ, “ನಿಂದರಬ್ಯಾಡ್ರಿ, ಬಿಸಲ ಏರತೈತಿ” ಎಂದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಹೋಗುವುದು ಸುಲಭವಾಗುತ್ತಿತ್ತೋ ಏನೋ.

ಸಾಹುಕಾರನ ಅಂಗಳದಲ್ಲಿ ಕೂತು ಕೆಲಸ ಶುರು ಮಾಡಿದೆ. ಮಗ್ಗಗಳೆಲ್ಲ ಪೂಜೆಗೊಂಡು, ಮೇಲೆ ಹೂವು ಹೊತ್ತು ಸುಮ್ಮನೆ ನಿಂತಿದ್ದವು. ಒಳಗೆ ಹೆಂಗಸರು ಅಳುತ್ತಿದ್ದರು. ಹಲಗೆ ಬೇಕೆಂದಾಗ ಅವನು ತಾನೇ ಒಳಗೆ ಹೋಗಿ, ಮಗಳ ಮದುವೆಯ ಮಂಚಕ್ಕೆಂದು ಇಟ್ಟು ಉಳಿದಿದ್ದ ಸಾಗವಾನಿ ತಂದು ನನ್ನ ಮುಂದೆ ಹಾಕಿದ. ಮೊಳೆಯ ಡಬ್ಬಿಯನ್ನೂ ತಂದ. ನಾನು ಡಬ್ಬಿಯನ್ನು ಪಕ್ಕಕ್ಕೆ ಸರಿಸಿದೆ.

ಆಮೇಲೆ ಆ ಮಣೆಯ ಮೇಲೆ ಜಾಗ ಕೊಡುತ್ತೇನೆಂದು ಅಣ್ಣ ಪ್ರತಿ ವರ್ಷ ಹೇಳಿದ, ಸಾಯುವ ತನಕ ಹೇಳಿದ. ಪ್ರತಿ ವರ್ಷ ಬೇಡ ಎಂದೆ. ಮೊನ್ನೆ ಸಂಸ್ಥಾನಗಳೇ ಹೋದವು, ಬನಹಟ್ಟಿಯೂ ರಬಕವಿಯೂ ಒಂದೇ ಸರಕಾರದ ಕೆಳಗೆ ಬಂದವು. ಖಂಡೇಪೂಜೆಯ ದಿನ ಸತ್ತವರ ಮನೆಯವರು ಮಾತ್ರ ಈಗಲೂ ನನ್ನ ಬಾಗಿಲಿಗೇ ಬರುತ್ತಾರೆ. ನನಗೆ ಆ ಮಣೆ ಬೇಡವಾಗಿತ್ತು ಎಂದು ಯಾರೂ ತಿಳಿಯಬಾರದು. ಬಹಳ ಬೇಕಾಗಿತ್ತು. ಸಾಹುಕಾರನ ಅಂಗಳದಲ್ಲಿ ಆ ಹುಡುಗಿಗೆ ಕೂಡು ಕೊರೆಯುತ್ತ ಕೂತಾಗಲೂ ಬೇಕಾಗಿತ್ತು, ಕಣ್ಣೀರು ಸುರಿದು ಗೆರೆ ಕಾಣದೆ ಎರಡು ಸಲ ಒರೆಸಿಕೊಂಡೆ. ಆ ದಿನ ಊರಿನ ಹತ್ಯಾರಗಳೆಲ್ಲ ಮಣೆಯ ಮೇಲೆ ಕೂತಿದ್ದವು. ನನ್ನವು ಮಾತ್ರ ಕೆಲಸ ಮಾಡುತ್ತಿದ್ದವು.